ಬುಟ್ಟಿಯ ತಳದ ಒಂದು ಮೊಳ

ನನ್ನ ಬ್ಲಾಗಿನ ಮೊದಲ ಓದುಗರು ನಮ್ಮ ಅತ್ತೆ. ಓದುಗರು ಎನ್ನುವುದಕ್ಕಿಂತ ಕೇಳುಗರು ಎಂದರೆ ಸರಿ. ಬೆಳಗಿನ ಕೆಲಸವೆಲ್ಲ ಒಂದು ಹದಕ್ಕೆ ಬಂದ ಮೇಲೆ ಅವರು ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಕಲ್ಲು ಆರಿಸಲು ಕೂರುತ್ತಾರೆ. ನಾನು ಎದುರಿಗೆ ಕುಳಿತು ಬರೆದದ್ದನ್ನು ಓದುತ್ತೇನೆ. ಅವರ ಬೆರಳು ಓಡುತ್ತಲೇ ಇದ್ದರೆ ಬರಹ ಪರವಾಗಿಲ್ಲ ಎಂದು ಅರ್ಥ. ಬೆರಳು ನಿಂತರೆ ಎಲ್ಲೋ ಕಲ್ಲು ಸಿಕ್ಕಿದೆ. ಜೋಳದಲ್ಲೋ, ನನ್ನ ಬರಹದಲ್ಲೋ ನೋಡಬೇಕು.

ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸುತ್ತ ಯಾರಾದರೂ ಹೊಸ ಆ್ಯಪ್ ಮಾಡಿದರೆ, ವೆಬ್‌ಸೈಟ್ ಕಟ್ಟಿದರೆ, ಸಣ್ಣದೊಂದು ಕಂಪನಿ ಶುರುಮಾಡಿದರೆ ನಾನು ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದು ಬರೆಯುತ್ತೇನೆ. ಮನೆಯಲ್ಲಿರುವ ಹೆಂಗಸರಿಗೆ ಉಪಯೋಗವಾಗುವ ಹೊಸ ವೆಬ್ ಸಾಧನಗಳ ಬಗ್ಗೆಯೂ ಬರೆಯುತ್ತೇನೆ. ಕಾನ್ವೆಂಟ್ ಸಿಸ್ಟರ್‌ಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿದ್ದರಿಂದ ಆ ಸಾಧನಗಳ ಇಂಗ್ಲಿಷ್ ಸೂಚನೆಗಳು ನನಗೆ ಹೆದರಿಕೆ ಹುಟ್ಟಿಸುವುದಿಲ್ಲ. ಓದಿ, ಮಾಡಿ ನೋಡಿ, ಕನ್ನಡದಲ್ಲಿ ಹೇಳುವುದಷ್ಟೇ ನನ್ನ ಕೆಲಸ.

ಪೈಪು, ಮೋಟಾರುಗಳ ಅಂಗಡಿ ಇಟ್ಟುಕೊಂಡಿರುವ ನಮ್ಮ ಯಜಮಾನರು ಮೊದಮೊದಲು ನಕ್ಕಿದ್ದರು.

"ಸ್ಟಾರ್ಟಪ್ ಬಗ್ಗೆ ಬರೀತೀಯಾ? ನಮ್ಮ ಕಡೆ ಸ್ಟಾರ್ಟ್ ಆಗೋದು ಬೋರಿನ ಮೋಟ್ರು ಒಂದ. ಅದೂ ಕರೆಂಟ್ ಇದ್ರ."

ಆದರೆ ಹುಡುಕಿದರೆ ಇದ್ದವು. ಕೊಟ್ಟೂರಿನಲ್ಲಿ ಅಕ್ಕತಂಗಿಯರಿಬ್ಬರು ಜೋಳದ ರೊಟ್ಟಿಗೆ ಆನ್‌ಲೈನ್ ಆರ್ಡರ್ ಫಾರ್ಮ್ ಮಾಡಿದ್ದರು. ಎಷ್ಟು ರೊಟ್ಟಿ, ಖಡಕ್ಕೋ ಮೆತ್ತಗೋ ಎಂದು ಗುರುತು ಹಾಕಿ ಕಳಿಸಿದರೆ ಸಾಕು. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆ ಒಬ್ಬರು ಕುರಿಗೆ ಲಸಿಕೆ ಹಾಕಿಸುವ ದಿನವನ್ನು ಕುರಿಯವರ ಫೋನಿಗೆ ತಮ್ಮ ದನಿಯಲ್ಲೇ ತಲುಪಿಸುತ್ತಿದ್ದರು. ಅವರ ಕಚೇರಿ ಎಂದರೆ ಮನೆಯ ನಡುಮನೆ. ಕುರಿಮರಿಗಳು ವೈರು ಕಚ್ಚುತ್ತವೆಂದು ಇಂಟರ್ನೆಟ್ಟಿನ ಪೆಟ್ಟಿಗೆಯನ್ನು ಬೆಣ್ಣೆ ಗಡಿಗೆ ತೂಗುಹಾಕುವ ನೆಲುವಿನಲ್ಲಿ ಇಟ್ಟಿದ್ದರು. ಅದು ಅಲ್ಲಿ ಹಸಿರು ದೀಪ ಮಿಣುಕಿಸುತ್ತ ತೂಗುತ್ತಿತ್ತು. ಅಂಥದ್ದನ್ನು ನೋಡಿದಾಗ ನನಗೆ ಬರೆಯಬೇಕೆನಿಸುತ್ತದೆ.

ಹೀಗೆ ಬರೆಯುತ್ತ ಬರೆಯುತ್ತ ನಮ್ಮ ಹಡಗಲಿಯಲ್ಲೇ, ನಮ್ಮ ಮನೆಗೆ ದಿನವೂ ಹೂವು ಕೊಡುವ ಹೆಂಗಸಿನ ಮರ್ಯಾದೆಗೆ ನಾನು ಕೈ ಹಾಕಿಬಿಟ್ಟೆ. ಅದನ್ನೇ ಹೇಳಲು ಕುಳಿತಿದ್ದೇನೆ.

ಬಸ್ ನಿಲ್ದಾಣದ ಹತ್ತಿರ ಬೀಜ, ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ ಇದೆ. ಇಂಜಿನಿಯರಿಂಗ್ ಓದಿದ ನಮ್ಮೂರ ಹುಡುಗಿಯೊಬ್ಬಳು ಅಲ್ಲಿ ಮಲ್ಲಿಗೆ ಹೂವಿನ ಆ್ಯಪ್ ಮಾಡುತ್ತಿದ್ದಾಳೆಂದು ತಿಳಿದು ನೋಡಲು ಹೋಗಿದ್ದೆ. ಕೆಳಗಿನ ಔಷಧಿಯ ಘಾಟು ಮೆಟ್ಟಿಲು ಹತ್ತಿ ಬಂದು ಕೋಣೆಯಲ್ಲೇ ಮನೆ ಮಾಡಿತ್ತು. ಅದಕ್ಕೆಂದು ಆಕೆ ಕಂಪ್ಯೂಟರಿನ ಪಕ್ಕ ಊದುಬತ್ತಿ ಹಚ್ಚಿಟ್ಟಿದ್ದಳು. ಕುರ್ಚಿಗಳ ಬೆನ್ನ ಮೇಲೆ ಶಾಮಿಯಾನದವರ ಹೆಸರು ಬಣ್ಣದಲ್ಲಿ ಬರೆದಿತ್ತು. ಗೋಡೆಯ ಬಿಳಿ ಹಲಗೆಯ ಮೇಲೆ ಬಾಣದ ಗುರುತುಗಳು. ಅವುಗಳ ನಡುವೆ ಒಂದು ಮೂಲೆಯಲ್ಲಿ 'ಅಮ್ಮನಿಗೆ ಬಿಪಿ ಮಾತ್ರೆ'.

ಆಕೆಯ ಯೋಚನೆ ಸರಳವಾಗಿತ್ತು. ನಮ್ಮ ಕಡೆ ಮಲ್ಲಿಗೆಯನ್ನು ಬೆಳಿಗ್ಗೆ ಮೊಗ್ಗಿನಲ್ಲೇ ಬಿಡಿಸಿ, ಮಧ್ಯಾಹ್ನದೊಳಗೆ ಕಟ್ಟಿ, ಇಳಿಹೊತ್ತಿನಲ್ಲಿ ಮನೆಮನೆಗೆ ತರುತ್ತಾರೆ. ಯಾರ ಮನೆಗೆ ಎಷ್ಟು ಬೇಕು ಎಂಬುದು ಗೊತ್ತಿರುವುದಿಲ್ಲ. ಒಂದು ಓಣಿಯಲ್ಲಿ ಹೂವು ಮಿಕ್ಕರೆ ಇನ್ನೊಂದರಲ್ಲಿ ಸಿಗದೆ ಹೋಗುತ್ತದೆ. ಈ ಆ್ಯಪ್‌ನಲ್ಲಿ ಹೂವಿನವರು ಬೆಳಿಗ್ಗೆ ತಮ್ಮ ಹೂವಿನ ಮೊಳದ ಸಂಖ್ಯೆ ಹಾಕಬೇಕು. ಮನೆಯವರು ಫೋನಿನಲ್ಲಿ ಒತ್ತಿ ತಮಗೆ ಬೇಕಾದ ಮೊಳ ಹಿಡಿದಿಡಬಹುದು. ಹೂವಿನವರು ಒಪ್ಪಿದರೆ ಸಂಖ್ಯೆ ಅಷ್ಟು ಇಳಿಯುತ್ತದೆ. ಸೊನ್ನೆಗೆ ಬಂದರೆ ಹೆಸರು ಕೆಂಪಗಾಗಿ 'ಇವತ್ತಿಗೆ ಮುಗಿಯಿತು' ಎಂದು ತೋರಿಸುತ್ತದೆ. ಹೂವು ಕೊಂಡವರು ಐದರಲ್ಲಿ ಇಷ್ಟು ನಕ್ಷತ್ರ ಎಂದು ಕೊಡಬಹುದು. ಮೂರು ನಕ್ಷತ್ರಕ್ಕಿಂತ ಕೆಳಗೆ ಇಳಿದವರನ್ನು ತಿಂಗಳ ಕೊನೆಗೆ ಆ್ಯಪ್ ತಾನಾಗಿಯೇ ಕೈಬಿಡುತ್ತದೆ.

"ಆಂಟಿ, ಹತ್ತು ಜನ ಹೂವಿನವರು ಸಿಕ್ಕರೆ ಶುರುಮಾಡ್ತೀನಿ. ಆದ್ರ ಯಾರೂ ನನ್ನ ಮಾತು ನಂಬವಲ್ರು" ಎಂದಳು.

ನಾನೇ ನಮ್ಮ ಹೂವಿನಮ್ಮನನ್ನು ಒಪ್ಪಿಸಲು ಹೊರಟೆ. ನಾನು ಮದುವೆಯಾಗಿ ಬಂದ ದಿನದಿಂದ ನಮ್ಮ ಬಾಗಿಲಿಗೆ ಬರುವವರು. ಬಾಗಿಲಲ್ಲಿ ಬುಟ್ಟಿ ಇಳಿಸಿ, ಮೇಲಿನ ಒದ್ದೆ ಬಟ್ಟೆಯನ್ನು ಒಂದು ಮೂಲೆಯಷ್ಟೇ ಸರಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಮೇಲೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಹರಿಯುತ್ತಾರೆ.

"ಫೋನಿನಾಗ ಹೂವಿಗೆ ಘಮ ಬರ್ತೈತೇನ್ರಿ ಅಕ್ಕಾರ?" ಎಂದು ನಕ್ಕರು.

"ಘಮ ನೀವೇ ತರ್ರಿ ಅಮ್ಮಾ. ಅದರಾಗ ಲೆಕ್ಕ ಅಷ್ಟ."

"ನೀವು ಹೇಳ್ತೀರಂದ್ರ ಆತು ಬಿಡ್ರಿ. ನನ್ನ ಸೊಸಿ ಫೋನು ಒತ್ತಾಕ ಗಟ್ಟಿ ಅದಾಳ. ಇಡೀ ದಿನ ಒತ್ತಿಕೆಂತ ಇರ್ತಾಳ, ಇದನ್ನೂ ಒತ್ತಲಿ."

ಆಕೆ ಸೇರಿದ್ದನ್ನು ನೋಡಿ ಉಳಿದ ಒಂಬತ್ತು ಜನ ಸೇರಿದರು. ನಾನು ಸಂಭ್ರಮದಿಂದ ಬ್ಲಾಗ್ ಬರೆದೆ. ಅದಕ್ಕೆ ಫೋಟೊ ಬೇಕಲ್ಲ ಎಂದು ಬಿಳಿ ಗೋಡೆಯ ಮುಂದೆ ನಿಂತ ಹೂವಿನಮ್ಮನ ಚಿತ್ರ ತೆಗೆದು, ಹಿಂದಿನ ಗೋಡೆಯನ್ನು ಅಳಿಸುವ ಹೊಸ ವೆಬ್ ಸಾಧನವೊಂದಕ್ಕೆ ಹಾಕಿದೆ. ಅದು ಗೋಡೆಯ ಜೊತೆಗೆ ಬಿಳಿ ಎಂದು ಹೂವನ್ನೂ ಅಳಿಸಿತು. ಖಾಲಿ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ನಗುತ್ತ ನಿಂತ ಹೂವಿನಮ್ಮ! ಅತ್ತೆ ಆ ಚಿತ್ರ ನೋಡಿ ಜೋಳದ ಮೊರ ಪಕ್ಕಕ್ಕಿಟ್ಟು ಕಣ್ಣೀರು ಬರುವ ಹಾಗೆ ನಕ್ಕರು. ಕೊನೆಗೆ ಗೋಡೆಯಿರುವ ಫೋಟೊವನ್ನೇ ಹಾಕಿದೆ.

ಮೊದಲ ಕೆಲವು ವಾರ ಎಲ್ಲ ಚೆನ್ನಾಗಿತ್ತು. ನಮ್ಮ ಓಣಿಯವರೆಲ್ಲ ಬಾಗಿಲಲ್ಲಿ ಕಾಯುವುದನ್ನು ಬಿಟ್ಟು ಫೋನಿನಲ್ಲೇ ಹೂವು ಹೇಳತೊಡಗಿದರು. ಆಮೇಲೆ ದೂರು ಶುರುವಾಯಿತು. 'ಒಂದು ಮೊಳ ಇದೆ ಎಂದು ತೋರಿಸುತ್ತದೆ, ಕೇಳಿದರೆ ಇಲ್ಲ ಎನ್ನುತ್ತಾರೆ.' 'ಇದ್ದ ಹೂವು ಕೊಡದೆ ಸತಾಯಿಸುತ್ತಾರೆ.' ನಮ್ಮ ಹಿಂದಿನ ಬೀದಿಯ, ನಿವೃತ್ತ ಮೇಷ್ಟ್ರ ಹೆಂಡತಿ ಎಲ್ಲರಿಗಿಂತ ಖಾರವಾಗಿ 'ಇದು ಶುದ್ಧ ಮೋಸ' ಎಂದು ಬರೆದು ಒಂದೇ ಒಂದು ನಕ್ಷತ್ರ ಕೊಟ್ಟಿದ್ದರು. ಹತ್ತೂ ಜನರ ನಕ್ಷತ್ರ ಇಳಿಯಿತು, ಹೂವಿನಮ್ಮನದು ಇಳಿಯುತ್ತ ಇಳಿಯುತ್ತ ಎಲ್ಲರಿಗಿಂತ ಮೊದಲು ಮೂರರ ಅಂಚಿಗೆ ಬಂತು.

ಹುಡುಗಿ ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದಳು. ಹತ್ತು ಹೆಂಗಸರಿಗೆ ಹತ್ತು ಬಣ್ಣದ ಗೆರೆಗಳು. ಮಧ್ಯಾಹ್ನದಿಂದ ಎಲ್ಲವೂ ಚೆನ್ನಾಗಿ ಇಳಿದು, ಸಂಜೆ ಐದರ ಹೊತ್ತಿಗೆ ಸರಿಯಾಗಿ 'ಒಂದು' ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದವು. ಒಂದು ದಿನವಲ್ಲ, ಎಲ್ಲ ದಿನ. ಒಂದು ಗೆರೆಯೂ ಸೊನ್ನೆ ಮುಟ್ಟಿರಲಿಲ್ಲ.

"ನೋಡ್ರಿ ಆಂಟಿ, ಹತ್ತೂ ಮಂದಿ ಮಾತಾಡಿಕೊಂಡಂಗ ಐತಿ. ಒಂದು ಮೊಳ ಹಿಡಿದಿಟ್ಕೊಂತಾರ. ಭಾನುವಾರ ಮೈಲಾರದ ದೇವ್ರಿಗೆ ಹೋಗೋ ಮಂದಿ ಬರ್ತಾರಲ್ಲ, ಅವರಿಗೆ ಹೆಚ್ಚಿನ ರೇಟಿಗೆ ಕೊಡಾಕ ಇರಬೇಕು."

"ಬರೀ ಭಾನುವಾರ ಅಲ್ಲಲ್ಲ, ದಿನಾ ಹಿಡಿದಾರ."

"ರೂಢಿ ಆಗಿರ್ತೈತಿ ಆಂಟಿ."

ಆ ವಿವರಣೆ ನನಗೆ ಸರಿ ಎನಿಸಿಬಿಟ್ಟಿತು. ಗೆರೆಗಳು ಅಷ್ಟು ಅಚ್ಚುಕಟ್ಟಾಗಿದ್ದವು. ಅಚ್ಚುಕಟ್ಟಾದದ್ದನ್ನು ನಂಬುವುದು ನನಗೆ ಚಿಕ್ಕಂದಿನಿಂದ ಬಂದ ಚಟ. ಅತ್ತೆ ಆ ವಾರ ಕೊಟ್ಟೂರಿನ ಮಗಳ ಮನೆಗೆ ಹೋಗಿದ್ದರು. ಜೋಳ ಆರಿಸುವ ಬೆರಳುಗಳು ಎದುರಿಗಿರಲಿಲ್ಲ. ನಾನು ಕುಳಿತು, ಹೊಸ ತಂತ್ರಜ್ಞಾನ ಬಂದರೂ ಹಳೆಯ ವ್ಯಾಪಾರದ ಬುದ್ಧಿ ಹೋಗುವುದಿಲ್ಲ, ಹೂವಿನವರು ಹೂವು ಮುಚ್ಚಿಟ್ಟುಕೊಂಡು ಗಿರಾಕಿಯ ದಾರಿ ನೋಡುತ್ತಾರೆ ಎಂದು ಬರೆದು ಹಾಕಿದೆ. ಹೆಸರು ಬರೆಯಲಿಲ್ಲ. ಆದರೆ ಹಿಂದಿನ ಬರಹದಲ್ಲಿ ಹೂವು ಹಿಡಿದು ನಕ್ಕವರು ಯಾರೆಂದು ಇಡೀ ಊರಿಗೆ ಗೊತ್ತಿತ್ತು.

ಮಾರನೆಯ ದಿನ ಹೂವಿನಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಅತ್ತೆ ಕೊಟ್ಟೂರಿನಿಂದ ಬಂದವರೇ ದೇವರ ಮನೆಗೆ ಹೋಗಿ, ಹೊರಗೆ ಬಂದು ನಿಂತರು.

"ದೇವ್ರ ಮ್ಯಾಲೆ ಒಣಗಿದ ಹೂವು ಅದಾವಲ್ಲ. ಹೂವಿನಾಕಿ ಎಲ್ಲಿ?"

ಹೇಳದೆ ವಿಧಿ ಇರಲಿಲ್ಲ. ಬರೆದದ್ದನ್ನು ಓದಿ ಹೇಳಿದೆ. ಅತ್ತೆ ಪ್ರಯಾಣದ ಚೀಲವನ್ನೂ ಕೆಳಗಿಡದೆ ಕೇಳಿದರು.

"ಆಕಿ ಮನಿಗೆ ಹೋಗಿದ್ದೇನು?"

"ಇಲ್ಲ ಅತ್ತೀ."

"ಆಕೀನ ಕೇಳಿದ್ದೇನು?"

"ಇಲ್ಲ. ಆದ್ರ ಗೆರಿ..."

"ಗೆರಿ ಬಂದು ಹೂವು ಕೊಡ್ತಾವೇನು ದಿನಾ? ಸಿಸ್ಟರ್‌ಗಳು ನಿಂಗ ಥ್ಯಾಂಕ್ಯೂ ಕಲಿಸಿದ್ರು, ಸಾರಿ ಕಲಿಸಿದ್ರು. ಯಾಕ ಅಂತ ಕೇಳಾದು ಕಲಿಸಲಿಲ್ಲೇನು? ನಾಳಿ ಹೋಗು. ಮುಂಜಾನಿಂದ ಸಂಜೀ ತನಕ ಆಕಿ ಜೋಡಿ ಇದ್ದು ಬಾ. ಆಮ್ಯಾಲೆ ಬರಿ, ಏನು ಬರೀತೀ."

ಅವರಿಗೆ ಏನೋ ಗೊತ್ತಿತ್ತು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಇತ್ತ ಹುಡುಗಿಯಿಂದ ಸಂದೇಶ ಬಂತು: ಹೂವಿನಮ್ಮನ ನಕ್ಷತ್ರ ಮೂರಕ್ಕಿಂತ ಕೆಳಗೆ ಇಳಿದಿದೆ, ಬರುವ ಸೋಮವಾರ ತಿಂಗಳ ಕೊನೆ, ಅವತ್ತು ಆ್ಯಪ್ ಅವರನ್ನು ತೆಗೆಯುತ್ತದೆ. ನಾನು ಲೆಕ್ಕ ಹಾಕಿದೆ. ಆಕೆಯ ಮನೆಗಳೆಲ್ಲ ನನ್ನ ಮಾತು ಕೇಳಿ ಫೋನಿಗೆ ಹೋಗಿದ್ದವು. ಅಲ್ಲಿಂದಲೂ ತೆಗೆದರೆ ಆಕೆಗೆ ಬಾಗಿಲೂ ಇಲ್ಲ, ಫೋನೂ ಇಲ್ಲ. ಉಳಿಯುವುದು ನಾನು ಕಟ್ಟಿದ ಹೆಸರು, ಮೋಸಗಾತಿ.

ಮರುದಿನ ಬೆಳಿಗ್ಗೆಯೇ ಹೋದೆ. ಅವರ ಮನೆ ಮಲ್ಲಿಗೆ ತೋಟಗಳ ಅಂಚಿನ ಓಣಿಯಲ್ಲಿ. ಅಂಗಳದಲ್ಲಿ ಒದ್ದೆ ಗೋಣಿಯ ಮೇಲೆ ಮೊಗ್ಗಿನ ರಾಶಿ. ಅವರೂ ಅವರ ಸೊಸೆಯೂ ಎದುರುಬದುರು ಕುಳಿತು ಕಟ್ಟುತ್ತಿದ್ದರು. ಹೂವಿನಮ್ಮ ತಲೆ ಎತ್ತಿ ನೋಡಿದರು, ಕೈ ನಿಲ್ಲಿಸಲಿಲ್ಲ.

"ಬರ್ರಿ ಅಕ್ಕಾರ, ಬರ್ರಿ. ಎಲ್ಲಿ ಮುಚ್ಚಿಟ್ಟಾಳ ಅಂತ ಹುಡುಕಾಕ ಬಂದೀರೇನು? ಒಲಿ ಹಿಂದ ನೋಡ್ರಿ. ಕುರಿ ಹಟ್ಯಾಗ ನೋಡ್ರಿ. ಕೋಳಿ ಬುಟ್ಟಿ ಎತ್ತಿ ನೋಡ್ರಿ, ಕೋಳಿ ಕಚ್ಚಿದ್ರ ನನ್ನ ಕೇಳಬ್ಯಾಡ್ರಿ."

"ಅತ್ತೀ, ಸುಮ್ನಿರ್ರಿ, ಮನಿಗೆ ಬಂದವರಿಗೆ..." ಎಂದು ಸೊಸೆ ನಗು ತಡೆಯುತ್ತ ನೀರು ತರಲು ಎದ್ದಳು.

"ಯಾಕ ಸುಮ್ನಿರ್ಲಿ? ನೀನ ಓದಿ ಹೇಳಿದ್ಯಲ್ಲ. ಎರಡು ಸಲ ಓದಿಸೀನಿ ಅಕ್ಕಾರ. ಒಂದು ಸಲಕ್ಕ ನಂಬಿಕಿ ಬರಲಿಲ್ಲ, ನೀವು ಬರದೀರಿ ಅಂತ."

ಆ ಮಾತಿಗೆ ನನ್ನ ಕಣ್ಣು ಮಂಜಾಯಿತು. ತಪ್ಪಾಯಿತು ಎಂದೆ. ಕೇಳದೆ ಬರೆದೆ, ಈಗ ನೋಡಲು ಬಂದಿದ್ದೇನೆ ಎಂದೆ. ಅವರು ಒಂದು ದಾರದ ಉಂಡೆಯನ್ನು ನನ್ನ ಕಡೆ ಉರುಳಿಸಿದರು.

"ಸುಮ್ನ ಕುಂತು ನೋಡಿದ್ರ ಏನೂ ಕಾಣಂಗಿಲ್ಲ. ಕಟ್ರಿ."

ಕಟ್ಟಿದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಸುತ್ತಿ ಎಳೆಯಬೇಕು. ಮೆಲ್ಲಗೆ ಎಳೆದರೆ ಮೊಗ್ಗು ಜಾರಿತು, ಜೋರಾಗಿ ಎಳೆದರೆ ತೊಟ್ಟು ಮುರಿಯಿತು. ಅವರು ಐದು ಮೊಳ ಕಟ್ಟುವಷ್ಟರಲ್ಲಿ ನನ್ನದು ಅರ್ಧ ಮೊಳ. ಅದೂ ಬಾಚದ ತಲೆಯ ಹಾಗೆ ಕೆದರಿತ್ತು.

"ಅದನ್ನ ಬ್ಯಾರೆ ಇಡ್ರಿ. ಗಿರಾಕಿಗೆ ಹೋದ್ರ ಇರೋ ನಕ್ಷತ್ರನೂ ಹೋದೀತು" ಎಂದರು ಹೂವಿನಮ್ಮ. ಈಗ ಮೂವರೂ ನಕ್ಕೆವು.

ಕಟ್ಟಿ ಮುಗಿದಾಗ ಅವರ ಮೊಣಕೈಯ ಅಳತೆಯಲ್ಲಿ ನಲವತ್ತು ಮೊಳ ಆಯಿತು. ಸೊಸೆ ಫೋನು ತೆಗೆದಳು. 'ಇಂದು ಎಷ್ಟು ಮೊಳ ಕಟ್ಟಿದ್ದೀರಿ?' ಎಂದು ಆ್ಯಪ್ ಕೇಳಿತು. ಹೂವಿನಮ್ಮ ರಾಶಿಯ ಮೇಲೆ ಅಂಗೈ ಇಟ್ಟು "ನಲವತ್ತು" ಎಂದರು. ಸೊಸೆ ನಲವತ್ತು ಎಂದು ಒತ್ತಿದಳು. ನಾನು ಅದನ್ನು ನೋಡಿದೆ, ಆದರೆ ಅದರಲ್ಲಿ ಏನೋ ಇದೆ ಎಂದು ಆಗ ಹೊಳೆಯಲಿಲ್ಲ.

ಊಟವಾದ ಮೇಲೆ ಅವರ ಜೊತೆ ಸುತ್ತಲು ಹೊರಟೆ. ಫೋನು ಅವರ ಸೊಂಟದ ಚೀಲದಲ್ಲಿ ಟಿಣ್ ಎನ್ನುತ್ತಿತ್ತು. ಒಪ್ಪಿಗೆಯ ಹಸಿರು ಗುಂಡಿ ಒತ್ತುವುದನ್ನು ಸೊಸೆ ಕಲಿಸಿದ್ದಳು. ಒಂದೊಂದು ಬಾಗಿಲಲ್ಲೂ ಅದೇ ನಾಲ್ಕು ಬೆರಳು ಹೆಚ್ಚು. ಐದು ಗಂಟೆಯ ಹೊತ್ತಿಗೆ ಸುತ್ತು ಮುಗಿದು, ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ನಾನು ಫೋನು ನೋಡಿದೆ. 'ಉಳಿದದ್ದು: ಒಂದು ಮೊಳ.'

ಆಗಲೇ ಟಿಣ್ ಎಂದಿತು. ಯಾರೋ ಆ ಒಂದು ಮೊಳ ಕೇಳಿದ್ದರು. ಹೂವಿನಮ್ಮ ಹಸಿರು ಗುಂಡಿ ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಹೂವು ಕೇಳಿದವರೇ ಫೋನು ಮಾಡಿದರು.

"ಮಾರಾವು ಮುಗದಾವ್ರಿ. ನಾಳಿ ಮೊದಲು ನಿಮಗ ಕೊಡ್ತೀನ್ರಿ" ಎಂದರು ಹೂವಿನಮ್ಮ. ಆ ಕಡೆಯ ದನಿ ಜೋರಾಗಿದ್ದು ನನಗೂ ಕೇಳಿಸಿತು. ಫೋನು ಕಟ್ ಆಯಿತು. ಒಪ್ಪದ ಕಾರಣ ಸಂಖ್ಯೆ ಒಂದರಲ್ಲೇ ಉಳಿದಿತ್ತು. ಇನ್ನೊಬ್ಬರಿಂದ ಟಿಣ್. ಮತ್ತೊಬ್ಬರಿಂದ ಟಿಣ್.

ನಾನು ಮೆಲ್ಲಗೆ ಬುಟ್ಟಿಯ ಬಟ್ಟೆ ಸರಿಸಿದೆ. ತಳದಲ್ಲಿ ಒಂದು ಮೊಳ ಮಲ್ಲಿಗೆ ಸುರುಳಿ ಸುತ್ತಿ ಕುಳಿತಿತ್ತು. ಮೊಗ್ಗು ಆಗತಾನೇ ಬಿರಿಯುತ್ತಿದ್ದವು.

"ಅಮ್ಮಾ, ಐತಲ್ಲ? ಕೊಡಬೌದಲ್ಲ?"

ಅವರು ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದರು.

"ಅದು ಬುಟ್ಟೀದ್ರಿ. ಬುಟ್ಟಿ ಬರಿದು ಮಾಡ್ಕೊಂಡು ಯಾರಾದ್ರೂ ಮನಿಗೆ ಹೋಗ್ತಾರೇನು? ನಮ್ಮತ್ತಿ ಹಿಂಗ ಮಾಡ್ತಿದ್ಲು, ಆಕಿ ಅತ್ತಿನೂ ಹಿಂಗ. ಒಂದು ಮೊಳ ಒಯ್ದು ಮೈಲಾರಲಿಂಗಪ್ಪನ ಮುಂದ ಇಟ್ಟು ದೀಪ ಹಚ್ಚಿ, ಆಮ್ಯಾಲೆ ಸೊಸಿ ಮುಡ್ಕೊಂತಾಳ. ಆ ಹೂವು ಇದ್ರ ನಾಳಿ ಹೂವು ಬರ್ತಾವು."

"ಹೂವಿನವರು ಎಲ್ಲಾರೂ ಹಿಂಗ ಮಾಡ್ತಾರಾ?"

"ಮತ್ತ ಹೆಂಗ ಮಾಡ್ತಾರ?"

"ಹಂಗಂದ್ರ ಮುಂಜಾನಿ ಫೋನಿಗೆ ಮೂವತ್ತೊಂಬತ್ತು ಅನ್ನಬೌದಿತ್ತಲ್ಲ?"

ಈಗ ಅವರಿಗೆ ನಿಜವಾಗಿ ಸಿಟ್ಟು ಬಂತು.

"ಅದು ಏನು ಕೇಳ್ತು? ಎಷ್ಟು ಕಟ್ಟೀರಿ ಅಂತ ಕೇಳ್ತು. ಕಟ್ಟಿದ್ದು ನಲವತ್ತು. ಮುಂಜಾನೆದ್ದು ಹೂವಿನ ಮ್ಯಾಲೆ ಕೈ ಇಟ್ಕೊಂಡು ಸುಳ್ಳು ಹೇಳ್ಲೇನ್ರಿ?"

ನಾನು ಕಟ್ಟೆಯ ಮೇಲೆ ಹಾಗೇ ಕುಳಿತೆ. ಹತ್ತು ಗೆರೆಗಳು ಏಕೆ ಒಂದರಲ್ಲಿ ನಿಲ್ಲುತ್ತಿದ್ದವೆಂದು ಈಗ ತಿಳಿಯಿತು. ಹತ್ತು ಜನರೂ ಬೆಳಿಗ್ಗೆ ನಿಜ ಹೇಳಿ, ಸಂಜೆ ತಮ್ಮ ಪದ್ಧತಿ ಉಳಿಸಿಕೊಂಡಿದ್ದರು. ಇಷ್ಟು ವರ್ಷ ಬಾಗಿಲಿಗೆ ಬಂದಾಗಲೂ ಆ ಒಂದು ಮೊಳ ಬುಟ್ಟಿಯ ತಳದಲ್ಲಿ ಇದ್ದೇ ಇತ್ತು. ಒದ್ದೆ ಬಟ್ಟೆ ಮುಚ್ಚಿ ಅವರು ಮುಂದೆ ಹೋಗುತ್ತಿದ್ದರು, ನಾವು ಕೇಳುತ್ತಿರಲಿಲ್ಲ. ಆ್ಯಪ್ ಆ ಬಟ್ಟೆಯನ್ನು ಎಳೆದು ತೆಗೆದಿತ್ತು, ಅಷ್ಟೆ.

"ಕೇಳಿದವರಿಗೆ ಇದನ್ನ ಹೇಳಬೌದಿತ್ತಲ್ಲ ಅಮ್ಮಾ?"

"ದೇವ್ರಿಗೆ ಇಟ್ಟಿದ್ದನ್ನ ಬೀದ್ಯಾಗ ಹೇಳ್ಕೊಂತ ತಿರಗ್ತಾರೇನ್ರಿ?"

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ.

"ನೀ ಅಕ್ಕಿ ಡಬ್ಬಿ ತಳ ಕೆರದು ತೆಗೀತೀಯೇನು? ಒಂದು ಹಿಡಿ ಬಿಟ್ಟ ಹೊಸ ಅಕ್ಕಿ ಸುರೀತೀ. ನಾ ಕಲಿಸೀನಿ, ನೀ ಮಾಡ್ತೀ. ಆಕೀದೂ ಹಂಗ."

"ಗೊತ್ತಿದ್ದೂ ಯಾಕ ಹೇಳಲಿಲ್ಲ ಅತ್ತೀ?"

"ನಾ ಹೇಳಿದ್ರ ನೀ ಬರಕೊಂತಿದ್ದಿ. ಈಗ ತಿಳ್ಕೊಂಡಿ."

ಸೋಮವಾರಕ್ಕೆ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಹೂವಿನಮ್ಮನನ್ನು ಕರೆದುಕೊಂಡು ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ಕೋಣೆಯೊಳಗೆ ಕಾಲಿಟ್ಟವರೇ ಮೂಗಿಗೆ ಸೆರಗು ಹಿಡಿದರು.

"ಇಲ್ಲೇನವ್ವಾ ನನ್ನ ಹೂವು ಇಟ್ಟಿದ್ದು? ಅದಕ್ಕ ಬಾಡ್ಯಾವು."

ಹುಡುಗಿ ಪಾಪ, ಇನ್ನೊಂದು ಊದುಬತ್ತಿ ಹಚ್ಚಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಬಣ್ಣದ ಗೆರೆಗಳನ್ನು ಮತ್ತೆ ತೆರೆದು, ಒಂದರಲ್ಲಿ ನಿಂತ ಹತ್ತು ತುದಿಗಳನ್ನು ಬಹಳ ಹೊತ್ತು ನೋಡಿದಳು.

"ನಮ್ಮಮ್ಮನೂ ಹಾಲಿನ ಪಾತ್ರಿ ಪೂರಾ ಬಗ್ಗಸಂಗಿಲ್ಲ" ಎಂದಳು ತನ್ನಷ್ಟಕ್ಕೆ. "ನಾ ಕೇಳಿದ ಪ್ರಶ್ನೆನೇ ತಪ್ಪು ಆಂಟಿ."

ಅಲ್ಲೇ ಕುಳಿತು ಪ್ರಶ್ನೆ ಬದಲಿಸಿದಳು. ಎಷ್ಟು ಕಟ್ಟಿದ್ದೀರಿ ಎಂಬ ಕಡೆ 'ಇಂದು ಮಾರಲು ಎಷ್ಟು ಮೊಳ?' ಎಂದು ಬಂತು. ಓದಿ ಹೇಳಿದೆ.

"ಹಿಂಗ ಕೇಳು ಮತ್ತ. ಮಾರಾಕ ಎಷ್ಟು ಅಂದ್ರ ಮೂವತ್ತೊಂಬತ್ತು ಅಂತೀನಿ. ನಾ ಎಲ್ಲಿ ಬ್ಯಾಡ ಅಂದೀನಿ?" ಎಂದರು ಹೂವಿನಮ್ಮ.

ಆ್ಯಪ್‌ನಿಂದ ತೆಗೆಯುವ ನಿಯಮವನ್ನು ಹುಡುಗಿ ನಿಲ್ಲಿಸಿದಳು. ಆದರೆ ಜನ ಕೊಟ್ಟ ನಕ್ಷತ್ರವನ್ನೂ ಬರೆದ ಮಾತನ್ನೂ ಅಳಿಸಲು ಒಪ್ಪಲಿಲ್ಲ. ಒಬ್ಬರದು ಅಳಿಸಿದರೆ ನಾಳೆ ಯಾರೂ ನಂಬುವುದಿಲ್ಲ ಎಂದಳು. ಅದೂ ನಿಜವೇ. ಅಳಿಸುವ ಕೆಲಸ ನನ್ನದಾಗಿತ್ತು. ಅಲ್ಲಿಯ ಶಾಮಿಯಾನದ ಕುರ್ಚಿಯ ಮೇಲೆ ಕುಳಿತು, ನನ್ನ ತಪ್ಪು ಏನು, ಹೂವಿನವರ ಪದ್ಧತಿ ಏನು ಎಂದು ಹೂವಿನಮ್ಮನ ಒಪ್ಪಿಗೆ ಕೇಳಿಯೇ ಬರೆದೆ. ಹಳೆಯ ಬರಹದ ತಲೆಯ ಮೇಲೆ ಅದನ್ನು ಸೇರಿಸಿ ಅವರಿಗೆ ಓದಿದೆ.

"ಚಲೋ ಬರದೀರಿ. ಆದ್ರ ಒಂದು ಮಾತು ಅಕ್ಕಾರ. ನನ್ನ ಮೋಸಗಾತಿ ಅಂದವರು ಫೋನಿನಾಗ ಇಲ್ರಿ. ಬಾಗಲಾಗ ಅದಾರ. ದಿನಾ ನಾ ಅದೇ ಬಾಗಲ ಮುಂದ ಹಾಯ್ಬೇಕು. ನೀವು ಬಾಗಲಿಗೇ ಬಂದು ಹೇಳ್ರಿ."

ನನಗೆ ಮಾತು ಬರೆಯಲು ಬರುತ್ತದೆ, ಆಡಲು ಬರುವುದಿಲ್ಲ. ಮುಖ ನೋಡಿ ತಪ್ಪೊಪ್ಪಿಕೊಳ್ಳುವುದಂತೂ ದೂರ. ಆದರೂ ಅವತ್ತು ಇಳಿಹೊತ್ತಿನಲ್ಲಿ ಹೂವಿನಮ್ಮನ ಜೊತೆ ಹೊರಟೆ. ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಬಂದರು. "ಇಕಿ ಬಾಯಾಗ ಮಾತು ನಿಂತ್ರ ನೂಕಾಕ ಒಬ್ರು ಬೇಕಲ್ಲ" ಎಂದರು.

ಮೊದಲ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಮನೆಯಲ್ಲಿ "ಅಯ್ಯ, ಬುಟ್ಟಿ ಹೂವು ಮಾರಂಗಿಲ್ಲ ಅಂತ ನೆನಪು ಇರಬಾರದೇನು ನಂಗ, ನಮ್ಮವ್ವನ ಮನ್ಯಾಗ ಹಂಗ ಮಾಡ್ತಿದ್ರು" ಎಂದು ಆ ಮನೆಯಾಕೆ ತಾವೇ ಹಣೆ ಚಚ್ಚಿಕೊಂಡರು. ಮೂರನೆಯ ಮನೆಯವರು ಅಲ್ಲೇ ಫೋನು ತೆಗೆದು ಐದು ನಕ್ಷತ್ರ ಕೊಡುತ್ತೇನೆಂದು ಹೊರಟು, ಎಲ್ಲಿ ಒತ್ತಬೇಕೆಂದು ತಿಳಿಯದೆ ಒಂದು ಮಾರು ಹೂವಿಗೆ ಹೊಸದಾಗಿ ಬೇಡಿಕೆ ಕಳಿಸಿಬಿಟ್ಟರು. ಹೂವಿನಮ್ಮನ ಸೊಂಟದಲ್ಲಿ ಟಿಣ್ ಎಂದಿತು.

"ತಗೋ, ಎದುರಿಗೆ ನಿಂತಾಕೀಗೆ ಫೋನಿನಾಗ ಹೇಳ್ತಾಳ" ಎಂದರು ಅತ್ತೆ.

ಹೇಳುತ್ತ ಹೇಳುತ್ತ ನನ್ನ ಮಾತು ಸಣ್ಣದಾಯಿತು, ನೇರವಾಯಿತು. "ನಾನು ನೋಡದೆ ಬರೆದೆ. ಇವರು ಸುಳ್ಳು ಹೇಳಿಲ್ಲ." ಅಷ್ಟೇ ಸಾಕಾಗುತ್ತಿತ್ತು.

ನಿವೃತ್ತ ಮೇಷ್ಟ್ರ ಮನೆಯ ಮುಂದೆ ಮಾತ್ರ ಹೂವಿನಮ್ಮ ನಿಂತುಬಿಟ್ಟರು. ಬುಟ್ಟಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದರು. 'ಶುದ್ಧ ಮೋಸ' ಎಂದು ಬರೆದವರ ಬಾಗಿಲು. ನಾನೇ ಮುಂದೆ ಹೋಗಿ ಕರೆದೆ. ಮೇಷ್ಟ್ರ ಹೆಂಡತಿ ಕೈಯಲ್ಲಿ ಕನ್ನಡಕ ಹಿಡಿದು ಹೊರಗೆ ಬಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಕನ್ನಡಕ ಹಾಕಿಕೊಂಡು ಹೂವಿನಮ್ಮನನ್ನು ನೋಡಿದರು.

"ಮುಂದಿನ ತಿಂಗಳು ನಮ್ಮ ಮಗಳಿಗೆ ಕುಬುಸ ಐತಿ. ಏಳು ತಿಂಗಳಾತು ಆಕಿಗೆ. ಮೈತುಂಬ ಹೂವು ಬೇಕು, ಬಂದ ಮುತ್ತೈದೇರಿಗೂ ಬೇಕು. ಯಾರಿಗೆ ಹೇಳ್ಲಿ ಅಂತ ನೋಡ್ತಿದ್ದೆ" ಎಂದರು ಮೇಷ್ಟ್ರ ಹೆಂಡತಿ.

"ಎಷ್ಟು ಮಾರು?" ಎಂದರು ಹೂವಿನಮ್ಮ, ಮುಖ ಬಿಗಿದುಕೊಂಡೇ.

"ಇಪ್ಪತ್ತು."

"ಇಪ್ಪತ್ತು ಅಂದ್ರ ಇಪ್ಪತ್ತ ತರ್ತೀನಿ. ಆವತ್ತು ಬಂದು ಇನ್ನೆರಡು ಕೊಡು ಅನ್ನಬಾರದು."

"ಅನ್ನಂಗಿಲ್ಲ ತಾಯಿ. ಒಳಗ ಬಾ, ಚಾ ಕುಡದು ಹೋಗು."

"ಚಾ ನಾಳಿ ಕುಡೀತೀನಿ. ಇವತ್ತು ಕೆಲಸ ಐತಿ."

ಬೀದಿಗೆ ಬಂದ ಮೇಲೆ ಹೂವಿನಮ್ಮ ಒಂದು ಸಲ ಜೋರಾಗಿ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಾಲು ನೋಯುತ್ತಿತ್ತು. ಇನ್ನು ಮನೆಗೆ ಹೋಗಬಹುದೆಂದುಕೊಂಡು ನಾನು ನಮ್ಮ ಓಣಿಯ ಕಡೆ ತಿರುಗಿದೆ.

"ಎಲ್ಲಿಗ್ರಿ ಅಕ್ಕಾರ?" ಎಂದು ಹೂವಿನಮ್ಮ ನನ್ನ ಮೊಣಕೈ ಹಿಡಿದು ತಿರುಗಿಸಿದರು. "ಇನ್ನ ಕುಂಬಾರ ಓಣಿ ಐತಿ. ಅಲ್ಲೂ ಅಂದಾರ."